ಫಾರ್ಮ್ ಡಿ ಓದಿದ್ರೆ ಡಾಕ್ಟರ್ ಆಗ್ತಾರಾ? ಆರು ವರ್ಷ ಕಲಿಸೋದಾದ್ರೂ ಏನು?

ಸಿಇಟಿ ಆಪ್ಷನ್ ಎಂಟ್ರಿ ಶುರುವಾದರೆ ಸಾಕು, ತಾಲ್ಲೂಕಿನ ಸೈಬರ್ ಸೆಂಟರ್‌ಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. "ಎಂಬಿಬಿಎಸ್ ಸಿಗಲ್ಲ ಅಂತವ್ರೆ. ಈ ಫಾರ್ಮ್ ಡಿ ಹಾಕಿದ್ರೆ ಮಗಳು ಡಾಕ್ಟರ್ ಆಯ್ತಾಳೇನಪ್ಪ?" ಕಂಪ್ಯೂಟರ್ ಮುಂದೆ ಕೂತ ಹುಡುಗ ಏನು ಹೇಳಿಯಾನು? ಕೋರ್ಸಿನ ಹೆಸರೇ ಡಾಕ್ಟರ್ ಆಫ್ ಫಾರ್ಮಸಿ. "ಹೂಂ ಅಣ್ಣ, ಹೆಸರಲ್ಲೇ ಐತಲ್ಲ" ಅಂತ ಒತ್ತಿಬಿಡ್ತಾನೆ. ಆರು ವರ್ಷದ ಓದು, ಲಕ್ಷಗಟ್ಟಲೆ ಫೀಸು ಆ ಒಂದು ಕ್ಲಿಕ್ಕಿನ ಮೇಲೆ ನಿಂತಿರುತ್ತೆ.

ನೇರವಾಗಿ ಹೇಳಬೇಕಂದ್ರೆ, ರೋಗಿಯನ್ನು ಪರೀಕ್ಷೆ ಮಾಡಿ, ಇಂಥ ಕಾಯಿಲೆ ಅಂತ ಹೇಳಿ, ಚೀಟಿ ಬರೆಯುವ ಡಾಕ್ಟರ್ ಆಗೋದಿಲ್ಲ. ಹಾಗಂತ ಬರೀ ಮೆಡಿಕಲ್ ಶಾಪ್ ಇಡೋಕೆ ಓದುವ ಕೋರ್ಸೂ ಇದಲ್ಲ. ಅಂಗಡಿಗೆ ಎರಡು ವರ್ಷದ ಡಿ ಫಾರ್ಮಾ ಸಾಕು. ಬಿ ಫಾರ್ಮಾ ನಾಲ್ಕು ವರ್ಷ. ಭಾರತೀಯ ಫಾರ್ಮಸಿ ಪರಿಷತ್ತು 2008ರಲ್ಲಿ ನಿಯಮಾವಳಿ ಮಾಡಿ ತಂದ ಫಾರ್ಮ್ ಡಿಗೆ ಆರು ವರ್ಷ. ಐದು ವರ್ಷ ಪಾಠ, ಕೊನೆಯ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಪಿಯುಸಿ ಸೈನ್ಸ್ ಆದವರು ಸೇರಬಹುದು, ಡಿ ಫಾರ್ಮಾ ಪಾಸಾದವರಿಗೂ ಅವಕಾಶ ಇದೆ. ಬಿ ಫಾರ್ಮಾ ಮುಗಿಸಿದವರಿಗೆ ಮೂರು ವರ್ಷದ ಬೇರೆ ದಾರಿ ಇದೆ.

ಮೊದಲ ಮೂರು ವರ್ಷದ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ದೇಹರಚನೆ, ರಸಾಯನಶಾಸ್ತ್ರ, ಔಷಧಶಾಸ್ತ್ರ, ಔಷಧ ಕಾನೂನು ಹೀಗೆ, ಬಿ ಫಾರ್ಮಾದವರು ಓದುವಂಥದ್ದೇ ಜಾಸ್ತಿ. ಕೋರ್ಸಿನ ಅಸಲಿ ಬಣ್ಣ ಕಾಣೋದು ನಾಲ್ಕನೇ ವರ್ಷದಿಂದ. ಅಲ್ಲಿ ಕ್ಲಿನಿಕಲ್ ಫಾರ್ಮಸಿ, ಆಸ್ಪತ್ರೆ ಫಾರ್ಮಸಿ, ವಿಷಶಾಸ್ತ್ರ, ಅಂಕಿಅಂಶ ಬರುತ್ತವೆ. ಐದನೇ ವರ್ಷಕ್ಕೆ ಕ್ಲಿನಿಕಲ್ ಫಾರ್ಮಕೋಕೈನೆಟಿಕ್ಸ್, ಕ್ಲಿನಿಕಲ್ ರಿಸರ್ಚ್, ಔಷಧ ಖರ್ಚಿನ ಲೆಕ್ಕ ಹಾಕುವ ಫಾರ್ಮಕೋಎಕನಾಮಿಕ್ಸ್, ಜೊತೆಗೆ ಆರು ತಿಂಗಳ ಪ್ರಾಜೆಕ್ಟ್.

ಫಾರ್ಮಕೋಕೈನೆಟಿಕ್ಸ್ ಅಂದ್ರೆ ಹೆಸರು ಕೇಳಿಯೇ ಹುಡುಗರು ಹೆದರ್ತಾರೆ. ವಿಷಯ ಮಾತ್ರ ನಮ್ಮ ಎಪಿಎಂಸಿ ಕಾಟಾದ ಥರ. ಒಂದೇ ಕಾಟಾ ಇದ್ದು, ಅದು ದಿನಕ್ಕೆ ಇಷ್ಟೇ ಲಾರಿ ತೂಗಬಲ್ಲದು ಅಂತಿಟ್ಟುಕೊಳ್ಳಿ. ಲಾರಿ ಕಡಿಮೆ ಇದ್ದಾಗ ಸಲೀಸು. ಮಿತಿ ಹತ್ತಿರ ಬಂದಾಗ ನಾಲ್ಕೇ ಲಾರಿ ಜಾಸ್ತಿ ಬಂದ್ರೂ ಸಾಲು ಮೇನ್ ರೋಡಿಗೆ ಬರುತ್ತೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಯ ವಿಚಾರದಲ್ಲಿ ಲಿವರ್ ಈ ಕಾಟಾ ಇದ್ದ ಹಾಗೆ.

ತರಗತಿಯಲ್ಲಿ ಮಾಡಿಸುವ ಲೆಕ್ಕ ಹೀಗಿರುತ್ತೆ. ಒಬ್ಬ ರೋಗಿಯ ಲಿವರ್ ದಿನಕ್ಕೆ ಹೆಚ್ಚೆಂದರೆ 500 ಮಿಲಿಗ್ರಾಂ ವಿಲೇವಾರಿ ಮಾಡಬಲ್ಲದು ಎಂದುಕೊಳ್ಳಿ. ಆತ 300 ಮಿಲಿಗ್ರಾಂ ತಗೊಂಡ್ರೆ ರಕ್ತದಲ್ಲಿ ಮಿಲಿ ಲೀಟರಿಗೆ ಸುಮಾರು 6 ಮೈಕ್ರೋಗ್ರಾಂ ನಿಲ್ಲುತ್ತೆ. ಸಾಮಾನ್ಯವಾಗಿ ಬೇಕಾದ್ದು 10ರಿಂದ 20. ಡೋಸ್ 400 ಮಾಡಿದರೆ 16, ಸರಿಹೋಯ್ತು. ಇನ್ನು 50 ಸೇರಿಸಿ 450 ಮಾಡಿದರೆ ಎಷ್ಟಾಗಬೇಕು? 18 ಅಲ್ಲ, 36! ಡೋಸ್ ಒಂದೂವರೆ ಪಟ್ಟು ಆದಾಗ ರಕ್ತದಲ್ಲಿ ಔಷಧ ಆರು ಪಟ್ಟು ಏರಿರುತ್ತೆ. ಆಗ ರೋಗಿ ತೂರಾಡ್ತಾನೆ, ಮಾತು ತೊದಲುತ್ತೆ, ಕಣ್ಣುಗುಡ್ಡೆ ಅದುರುತ್ತೆ. ಊರಲ್ಲಿ ನೋಡಿದವರು ಕುಡಿದವ್ನೆ ಅಂತಾರೆ. ಫಿಟ್ಸ್ ಬಂತು ಅಂತ ಯಾರನ್ನೂ ಕೇಳದೆ ಮಾತ್ರೆ ಜಾಸ್ತಿ ನುಂಗೋದು ಯಾಕೆ ಅಪಾಯ ಅನ್ನೋದಕ್ಕೆ ಈ ಲೆಕ್ಕವೇ ಸಾಕು.

ಪುಸ್ತಕದ ಓದಿಗಿಂತ ದೊಡ್ಡದು ವಾರ್ಡಿನ ಓದು. ಇದಕ್ಕೆ ಕ್ಲರ್ಕ್‌ಶಿಪ್ ಅನ್ನುತ್ತಾರೆ, ಗುಮಾಸ್ತರ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ. ವಿದ್ಯಾರ್ಥಿ ಡಾಕ್ಟರ ಜೊತೆ ರೌಂಡ್ಸ್ ಹೋಗ್ತಾನೆ, ರೋಗಿಯ ಕೇಸ್ ಶೀಟ್ ನೋಡ್ತಾನೆ, ಮನೆಯಲ್ಲಿ ಏನೇನು ನುಂಗ್ತಾ ಇದ್ರು ಅಂತ ಕೂತು ವಿಚಾರಿಸ್ತಾನೆ.

ಈ ವಿಚಾರಿಸೋದೇ ಒಂದು ವಿದ್ಯೆ. "ಅಜ್ಜಿ, ಮಾತ್ರೆ ಏನಾದ್ರೂ ತಗೋತಿದ್ರಾ?" ಅಂದ್ರೆ "ಬಿಪಿಗೆ ಒಂದೇ ಕಣಪ್ಪ" ಅಂತಾರೆ. ಮಂಡಿನೋವಿಗೆ ಅಂಗಡಿಯಿಂದ ಬಿಡಿಯಾಗಿ ತಂದು ನುಂಗಿದ ಡೈಕ್ಲೋಫೆನಾಕ್ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ, ಅದು "ನೋವಿನ್ದು". ಆದರೆ ಬಿಪಿಯ ಆ ಒಂದೇ ಮಾತ್ರೆಯಲ್ಲಿ ಟೆಲ್ಮಿಸಾರ್ಟಾನ್ ಜೊತೆ ಮೂತ್ರ ಹೆಚ್ಚಿಸುವ ಔಷಧವೂ ಸೇರಿರಬಹುದು. ಅದರ ಮೇಲೆ ನೋವಿನ ಮಾತ್ರೆಯೂ ಬಿದ್ದರೆ ಮೂರೂ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು. ವಯಸ್ಸಾದವರಿಗೆ, ಬೇಸಿಗೆಯಲ್ಲಿ ನೀರು ಕಡಿಮೆ ಕುಡಿಯೋರಿಗೆ, ವಾಂತಿ ಭೇದಿ ಆದವರಿಗೆ ಅಪಾಯ ಇನ್ನೂ ಜಾಸ್ತಿ. ಇದನ್ನು ಪತ್ತೆ ಹಚ್ಚಿ ಡಾಕ್ಟರಿಗೆ ಹೇಳೋದು ಕ್ಲಿನಿಕಲ್ ಫಾರ್ಮಸಿಸ್ಟ್ ಕೆಲಸ. ಚೀಟಿ ಬದಲಿಸೋ ಅಧಿಕಾರ ಡಾಕ್ಟರದ್ದೇ.

ಥೈರಾಯ್ಡ್ ಮಾತ್ರೆಯದ್ದೂ ಇದೇ ಕಥೆ. ಅದರ ಜೊತೆಗೇ ಕಬ್ಬಿಣಾಂಶ ಅಥವಾ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಔಷಧ ಸರಿಯಾಗಿ ಮೈಗೆ ಹತ್ತಲ್ಲ. ನಾಲ್ಕು ಗಂಟೆ ಅಂತರ ಬೇಕು. ಇದನ್ನು ಕೌಂಟರಿನಲ್ಲಿ ಒಂದು ಮಾತು ಹೇಳೋಕೆ ಅರ್ಧ ನಿಮಿಷ ಸಾಕು, ಹೇಳೋರು ಬೇಕಷ್ಟೆ.

ರೈತರ ಮನೆಗಳಿಗೆ ಹತ್ತಿರದ ಪಾಠ ವಿಷಶಾಸ್ತ್ರ. ಹಾವು ಕಡಿತ, ಕೀಟನಾಶಕದ ವಿಷ ಎರಡೂ ಪಠ್ಯದಲ್ಲೇ ಇವೆ. ಆರ್ಗನೋಫಾಸ್ಫರಸ್ ಔಷಧಿ ಮೈಗೆ ಸೇರಿದಾಗ ಅಟ್ರೋಪಿನ್ ಯಾಕೆ ಕೊಡ್ತಾರೆ, ಎಷ್ಟು ಹೊತ್ತು ಕೊಡಬೇಕು ಅಂತ ಕಲೀತಾರೆ. ಹೊಡೆಯುವಾಗ ಮೈಮೇಲೆ ಚೆಲ್ಲಿದರೆ ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ತೊಳೀಬೇಕು, ಆಸ್ಪತ್ರೆಗೆ ಹೋಗುವಾಗ ಔಷಧಿ ಡಬ್ಬ ಜೊತೆಗೆ ಒಯ್ಯಬೇಕು ಅನ್ನೋದು ಮನೆಯವರಿಗೂ ಗೊತ್ತಿರಬೇಕಾದ್ದು.

ಇಷ್ಟೆಲ್ಲ ಕಲಿತವರು ನಮ್ಮ ಕಡೆ ಯಾಕೆ ಕಾಣಲ್ಲ? ಇಲ್ಲೇ ಕಹಿ ಇರೋದು. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಫಾರ್ಮಸಿ ಅಧಿಕಾರಿ ಇರ್ತಾರೆ, ವಾರ್ಡಿಗೆ ಬರುವ ಕ್ಲಿನಿಕಲ್ ಫಾರ್ಮಸಿಸ್ಟ್ ಇರಲ್ಲ. ಕೆಲಸ ಸಿಗೋದು ಬೆಂಗಳೂರು, ಮಂಗಳೂರಿನಂಥ ಕಡೆಯ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ, ಇಲ್ಲವೇ ಔಷಧದ ಅಡ್ಡಪರಿಣಾಮದ ವರದಿ ಪರಿಶೀಲಿಸುವ ಕಂಪನಿಗಳಲ್ಲಿ. ಆರು ವರ್ಷ ರೋಗಿ ಪಕ್ಕ ನಿಲ್ಲೋದು ಕಲಿತು ಕೊನೆಗೆ ಕಂಪ್ಯೂಟರ್ ಮುಂದೆ ಕೂರುವವರು ಬೇಕಾದಷ್ಟು ಜನ. ಸೀಟು ಆಯ್ಕೆ ಮಾಡುವಾಗ ಮನೆಯವರಿಗೆ ಇದು ಗೊತ್ತಿರಬೇಕು.

ಊರಲ್ಲೇ ಅಂಗಡಿ ಇಡಬಹುದಾ? ಧಾರಾಳವಾಗಿ. ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದರೆ ಲೈಸೆನ್ಸಿಗೆ ಅರ್ಹರು. ಇಲ್ಲಿ ಅಂಗಡಿಯವರಿಗೂ ಒಂದು ಮಾತು. ಗೋಡೆ ಮೇಲೆ ಒಬ್ಬರ ಸರ್ಟಿಫಿಕೇಟು, ಕೌಂಟರಿನಲ್ಲಿ ಇನ್ನೊಬ್ಬ ಹುಡುಗ ಅನ್ನೋ ಪದ್ಧತಿ ಎಲ್ಲರಿಗೂ ಗೊತ್ತಿರೋದೇ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ್ ಚೀಟಿಗೆ ಔಷಧ ಕೊಡಬೇಕಾದ್ದು ನೋಂದಾಯಿತ ಫಾರ್ಮಸಿಸ್ಟ್. ಮೊದಲು ದಂಡ ಒಂದು ಸಾವಿರ ಇತ್ತು. 2023ರ ಜನ ವಿಶ್ವಾಸ್ ತಿದ್ದುಪಡಿಯಲ್ಲಿ ಅದನ್ನು ಎರಡು ಲಕ್ಷದವರೆಗೆ ಏರಿಸಲಾಗಿದೆ, ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಯಾವ ಮಾತ್ರೆಯಿಂದಾದರೂ ತೊಂದರೆ ಆದರೆ 1800 180 3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಕೇಂದ್ರದ ಔಷಧ ನಿಗಾ ಕಾರ್ಯಕ್ರಮದ ನಂಬರ್ ಇದು. ರೋಗಿ, ಅಂಗಡಿಯವರು ಯಾರು ಬೇಕಾದ್ರೂ ಹೇಳಬಹುದು.

ಇನ್ನು ಕೋರ್ಸಿಗೆ ಸೇರಲೇಬೇಕು ಅನ್ನುವವರು ಬಿಲ್ಡಿಂಗ್ ನೋಡಿ ಮರುಳಾಗಬೇಡಿ, ಆಸ್ಪತ್ರೆ ನೋಡಿ. ಫಾರ್ಮ್ ಡಿ ಕಾಲೇಜಿಗೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆಯ ನಂಟು ಇರಬೇಕು ಅಂತ ನಿಯಮ ಇದೆ. ಆ ಆಸ್ಪತ್ರೆ ಎಷ್ಟು ದೂರ, ದಿನಾ ರೌಂಡ್ಸಿಗೆ ಬಿಡ್ತಾರಾ, ಇಂಟರ್ನ್‌ಶಿಪ್ಪಿನ ಆರು ತಿಂಗಳು ಜನರಲ್ ಮೆಡಿಸಿನ್ ವಿಭಾಗದಲ್ಲೇ ಹಾಕ್ತಾರಾ ಅಂತ ಅಲ್ಲಿನ ಸೀನಿಯರ್ ಹುಡುಗರನ್ನೇ ಕೇಳಿ. ಆಪ್ಷನ್ ಎಂಟ್ರಿಯಲ್ಲಿ ಬಿ ಫಾರ್ಮಾ ಬೇರೆ, ಫಾರ್ಮ್ ಡಿ ಬೇರೆ. ಒತ್ತೋ ಮುಂಚೆ ಹೆಸರು ಇನ್ನೊಂದು ಸಲ ಓದ್ಕೊಳ್ಳಿ.