ಒಂದು ಚಿತ್ರ, ಎರಡು ದನಿ: ಪ್ರಸಾರ ಹಾಗೂ ದೃಶ್ಯ-ಶ್ರವ್ಯ ತಂತ್ರಜ್ಞಾನಗಳ ಸಂಗಮ

ತಾಂಡೂರು ಸಮೀಪದ ಕರಣಕೋಟವು ಸುಣ್ಣಕಲ್ಲಿಗೂ ಸಿಮೆಂಟ್ ಕಾರ್ಖಾನೆಗೂ ಹೆಸರಾದ ಊರು. ಅಲ್ಲಿಂದ ಕಲಬುರಗಿ ಜಿಲ್ಲೆಯ ಗಡಿ ದೂರವಿಲ್ಲ. ಜಹೀರಾಬಾದ್, ನಾರಾಯಣಖೇಡ ಭಾಗಗಳಲ್ಲಿರುವಂತೆ ಇಲ್ಲಿಯೂ ಕನ್ನಡ ಮತ್ತು ತೆಲುಗು ಒಂದೇ ಸಂತೆಯಲ್ಲಿ, ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಮನೆಯ ದೂರದರ್ಶನದಲ್ಲಿ ಬೆಂಗಳೂರಿನ ಚಂದನವೂ ಹೈದರಾಬಾದಿನ ಯಾದಗಿರಿಯೂ ದೊರೆಯುತ್ತವೆ. ಇಂತಹ ಪ್ರದೇಶದ ಕನ್ನಡ ಮಾಧ್ಯಮದ ತರಗತಿಗೆ ಪರದೆಯೊಂದು ಬಂದಾಗ ಅದು ಯಾವ ಭಾಷೆಯಲ್ಲಿ ಮಾತನಾಡಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಈ ಪ್ರಶ್ನೆಗೆ ಉತ್ತರಿಸಲು ಇಂದಿನ ತಂತ್ರಜ್ಞಾನದ ಒಂದು ಮುಖ್ಯ ಬದಲಾವಣೆಯನ್ನು ಶಿಕ್ಷಕರು ಅರಿಯುವುದು ಅಗತ್ಯ.

ಬೇರೆಯಾಗಿದ್ದ ಎರಡು ಲೋಕಗಳು

ಹಿಂದೆ ಪ್ರಸಾರ ತಂತ್ರಜ್ಞಾನ ಮತ್ತು ದೃಶ್ಯ-ಶ್ರವ್ಯ ತಂತ್ರಜ್ಞಾನ ಬೇರೆಬೇರೆಯಾಗಿದ್ದವು. ಮೊದಲನೆಯದು ಸ್ಟುಡಿಯೋ, ಪ್ರೇಷಕ, ಉಪಗ್ರಹಗಳಿಗೆ ಸೇರಿದ್ದು. ಅದು ಒಂದೆಡೆಯಿಂದ ಲಕ್ಷಾಂತರ ಜನರಿಗೆ ಹೋಗುತ್ತಿತ್ತು; ನೋಡುಗನಿಗೆ ಮರುಮಾತನಾಡುವ ಅವಕಾಶವಿರಲಿಲ್ಲ. ಎರಡನೆಯದು ಸಭಾಂಗಣ, ತರಬೇತಿ ಕೇಂದ್ರ, ತರಗತಿಗಳಿಗೆ ಸೇರಿದ್ದು: ಪ್ರೊಜೆಕ್ಟರ್, ಧ್ವನಿವರ್ಧಕ, ಮೈಕ್. ಇವುಗಳ ವ್ಯಾಪ್ತಿ ಒಂದು ಕೊಠಡಿಯ ಗೋಡೆಗಳಿಗೆ ಸೀಮಿತ. ಎರಡರ ತಂತಿಗಳೂ ಬೇರೆ, ಮಾನದಂಡಗಳೂ ಬೇರೆ. ಸ್ಟುಡಿಯೋದ ಎಸ್‌ಡಿಐ ತಂತಿಯು ಸಂಕೇತವನ್ನು ನೂರು ಮೀಟರಿನವರೆಗೂ ಒಯ್ಯಬಲ್ಲದು. ಪ್ರೊಜೆಕ್ಟರಿನ ಸಾಮಾನ್ಯ ಎಚ್‌ಡಿಎಂಐ ತಂತಿ ಹತ್ತು-ಹದಿನೈದು ಮೀಟರ್ ದಾಟಿದರೆ ತಡವರಿಸುತ್ತದೆ.

1975ರ ಪ್ರಯೋಗ

ಈ ಎರಡು ಲೋಕಗಳನ್ನು ಜೋಡಿಸುವ ಮೊದಲ ದೊಡ್ಡ ಪ್ರಯತ್ನವೊಂದು ಕನ್ನಡ ಮತ್ತು ತೆಲುಗು ನಾಡುಗಳಲ್ಲಿಯೂ ನಡೆಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಭಾರತವು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವನ್ನು ಕೈಗೊಂಡಿತು. ‘ಸೈಟ್’ ಎಂದೇ ಪರಿಚಿತವಾದ ಈ ಯೋಜನೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಿಂದ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು; ಅಂದಿನ ಆಂಧ್ರಪ್ರದೇಶವೂ ಆರರಲ್ಲಿ ಒಂದಾಗಿತ್ತು. ಕೋಳಿಗೂಡಿನ ಜಾಲರಿಯಂಥ ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ವ್ಯಾಸದ ತಟ್ಟೆಗಳು ಆಕಾಶದ ಸಂಕೇತವನ್ನು ಹಿಡಿಯುತ್ತಿದ್ದವು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಗ್ರಾಮಸ್ಥರಿಗೆ ಕಾರ್ಯಕ್ರಮಗಳು ಮೀಸಲಾಗಿದ್ದವು.

ಭಾಷಾ ಅಲ್ಪಸಂಖ್ಯಾತ ಶಾಲೆಗಳ ಶಿಕ್ಷಕರು ಗಮನಿಸಬೇಕಾದ ಅಂಶ ಇಲ್ಲಿದೆ. ಆ ಉಪಗ್ರಹವು ಒಂದು ಚಿತ್ರದೊಡನೆ ಎರಡು ಧ್ವನಿವಾಹಿನಿಗಳನ್ನು ಒಯ್ಯಬಲ್ಲದಾಗಿತ್ತು. ಆದ್ದರಿಂದ ಒಂದೇ ಚಿತ್ರವನ್ನು ಒಂದು ಹಳ್ಳಿ ಕನ್ನಡದಲ್ಲಿಯೂ ಮತ್ತೊಂದು ಹಳ್ಳಿ ತೆಲುಗಿನಲ್ಲಿಯೂ ಕೇಳುವುದು ಸಾಧ್ಯವಾಯಿತು. ಎರಡೂ ಭಾಷೆಗಳ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. ಪ್ರಯೋಗ ಮುಗಿದ ಬಳಿಕ, 1977ರಲ್ಲಿ, ಕಲಬುರಗಿಯಲ್ಲಿ ದೂರದರ್ಶನ ಪ್ರಸಾರ ಆರಂಭವಾಯಿತು. ಬೆಂಗಳೂರಿಗೆ ಅದು ಬಂದದ್ದು ಅನಂತರ, 1981ರಲ್ಲಿ.

ಸಂಗಮವಾದ ಬಗೆ

ಇಂದು ಚಿತ್ರ, ಧ್ವನಿ, ಅಕ್ಷರ ಎಲ್ಲವೂ ಅಂಕೆಗಳಾಗಿ, ಸಣ್ಣಸಣ್ಣ ಕಟ್ಟುಗಳಾಗಿ ಕಂಪ್ಯೂಟರ್ ಜಾಲದಲ್ಲಿ ಸಾಗುತ್ತವೆ. ಒಂದು ಅಂಚೆಚೀಲದಲ್ಲಿ ಹಲವು ವಿಳಾಸಗಳ ಪತ್ರಗಳು ಹೋಗುವಂತೆ, ಒಂದೇ ಜಾಲದಲ್ಲಿ ಹಲವು ಕಾರ್ಯಕ್ರಮಗಳು ಹರಿಯುತ್ತವೆ. ಸ್ಟುಡಿಯೋಗಳಿಗಾಗಿ 2017ರಿಂದ ಪ್ರಕಟವಾಗತೊಡಗಿದ ಎಸ್‌ಟಿ 2110 ಎಂಬ ಮಾನದಂಡಗಳು ಚಿತ್ರವನ್ನೂ ಧ್ವನಿಯನ್ನೂ ಪ್ರತ್ಯೇಕ ಹರಿವುಗಳಾಗಿಯೇ ಸಾಗಿಸುತ್ತವೆ. ಸಭಾಂಗಣ ಮತ್ತು ತರಗತಿಗಳ ಉಪಕರಣಗಳೂ ಇದೇ ಬಗೆಯ ಜಾಲವನ್ನು ಬಳಸತೊಡಗಿವೆ. ಹೀಗಾಗಿ ಸ್ಟುಡಿಯೋ ಮತ್ತು ತರಗತಿಯ ನಡುವಿನ ಗೋಡೆ ತೆಳುವಾಗಿದೆ. ಪಾಠವನ್ನು ಚಿತ್ರಿಸುವ ಕ್ಯಾಮೆರಾ, ಅದನ್ನು ತಿದ್ದುವ ತಂತ್ರಾಂಶ, ಹಂಚುವ ಜಾಲ ಈ ಮೂರೂ ಇಂದು ಒಂದು ಮೊಬೈಲಿನಲ್ಲಿ ಅಡಕವಾಗಿವೆ.

ಚಿತ್ರ ಮತ್ತು ಧ್ವನಿ ಪ್ರತ್ಯೇಕವಾಗಿರುವುದರಿಂದ ಆಗುವ ಲಾಭವನ್ನು ಮಕ್ಕಳು ಈಗಾಗಲೇ ಬಲ್ಲರು. ಕೆಲವು ಮಕ್ಕಳ ವಾಹಿನಿಗಳಲ್ಲಿ ರಿಮೋಟಿನ ಒಂದು ಗುಂಡಿ ಒತ್ತಿದರೆ ಚಿತ್ರ ಬದಲಾಗದೆ ಭಾಷೆ ಮಾತ್ರ ಬದಲಾಗುತ್ತದೆ. 1975ರಲ್ಲಿ ಉಪಗ್ರಹವೇ ಬೇಕಾಗಿದ್ದ ಸೌಲಭ್ಯ ಈಗ ಅಂಗೈಯಲ್ಲಿದೆ.

ಉಳಿದಿರುವ ಕೊರತೆ

ಸಾಧನ ಸುಲಭವಾದ ಮಾತ್ರಕ್ಕೆ ಪಾಠ ಸುಲಭವಾಗುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ತೆಲಂಗಾಣದ ಪಾಠಗಳು ಯಾದಗಿರಿ ಮತ್ತು ಟಿ-ಸ್ಯಾಟ್ ವಾಹಿನಿಗಳಲ್ಲಿ, ಕರ್ನಾಟಕದ ‘ಸಂವೇದ’ ಪಾಠಗಳು ಚಂದನದಲ್ಲಿ ಪ್ರಸಾರವಾದವು. ಗಡಿಭಾಗದ ಕನ್ನಡ ವಿದ್ಯಾರ್ಥಿಯ ಪಾಡು ವಿಚಿತ್ರವಾಗಿತ್ತು. ಚಂದನದಲ್ಲಿ ಅವನ ಭಾಷೆಯಿತ್ತು, ಆದರೆ ಪಾಠ ಕರ್ನಾಟಕದ ಪಠ್ಯಕ್ರಮದ್ದು. ತೆಲಂಗಾಣದ ವಾಹಿನಿಗಳಲ್ಲಿ ಅವನ ಪಠ್ಯಕ್ರಮವಿತ್ತು, ಆದರೆ ಪಾಠದ ಭಾಷೆ ಪ್ರಧಾನವಾಗಿ ತೆಲುಗು, ಇಂಗ್ಲಿಷ್. ಒಂದೆಡೆ ದನಿ, ಇನ್ನೊಂದೆಡೆ ಪಾಠ. ಎರಡನ್ನೂ ಕೂಡಿಸಬಲ್ಲವರು ಅವನ ಶಿಕ್ಷಕರೇ.

ತರಗತಿಯಲ್ಲಿ ಮಾಡಬಹುದಾದದ್ದು

1. ಆಯ್ಕೆ: ರಾಜ್ಯದ ಪಠ್ಯಕ್ರಮಕ್ಕೆ ಹೊಂದುವ, ಐದಾರು ನಿಮಿಷಕ್ಕೆ ಮೀರದ ದೃಶ್ಯವನ್ನು ಆರಿಸಿಕೊಳ್ಳಬೇಕು. ಅದರ ಬಳಕೆಗೆ ಅನುಮತಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

2. ದನಿ: ಮೂಲ ಧ್ವನಿಯನ್ನು ತಗ್ಗಿಸಿ ಶಿಕ್ಷಕರು ತಾವೇ ಕನ್ನಡದಲ್ಲಿ ವಿವರಣೆ ನೀಡಬೇಕು. ಮೊದಲು ತರಗತಿಯಲ್ಲಿ ನೇರವಾಗಿ ಹೇಳಿ, ಮಕ್ಕಳು ಎಲ್ಲಿ ತಡೆದರು ಎಂಬುದನ್ನು ಗುರುತಿಸಿಕೊಂಡು, ಬಳಿಕ ಧ್ವನಿಮುದ್ರಿಸುವುದು ಒಳಿತು.

3. ಪರಿಭಾಷೆ: ಪಠ್ಯಪುಸ್ತಕದ ಪದವನ್ನೇ ಬಳಸಬೇಕು. ಊರಿನಲ್ಲಿ ರೂಢಿಯಲ್ಲಿರುವ ಕನ್ನಡ ಅಥವಾ ತೆಲುಗು ಪದವನ್ನು ಒಮ್ಮೆ ಜೊತೆಗೆ ಹೇಳಿದರೆ ಅರ್ಥ ಬೇಗ ಹೊಳೆಯುತ್ತದೆ.

4. ಸ್ಪಷ್ಟತೆ: ಚಿತ್ರ ತುಸು ಮಸುಕಾದರೂ ಮಕ್ಕಳು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಪಾಠವೇ ನಿಲ್ಲುತ್ತದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೊಬೈಲನ್ನು ಬಾಯಿಗೆ ಒಂದು ಗೇಣು ದೂರದಲ್ಲಿರಿಸಿ ಮುದ್ರಿಸಿದರೆ ಸಾಕು.

5. ಮರುಮಾತು: ದೃಶ್ಯದ ನಡುವೆ ಎರಡು ಬಾರಿಯಾದರೂ ನಿಲ್ಲಿಸಿ ಪ್ರಶ್ನೆ ಕೇಳಬೇಕು. ಹಳೆಯ ಪ್ರಸಾರ ಕೊಡಲಾಗದಿದ್ದ ಅವಕಾಶ ಇದು.

ಹೀಗೆ ಸಿದ್ಧವಾದ ಧ್ವನಿಪಾಠ ಒಂದು ಶಾಲೆಯಲ್ಲಿಯೇ ಉಳಿಯಬೇಕಾಗಿಲ್ಲ. ಕರಣಕೋಟದ ಕಡೆ ಮುದ್ರಿತವಾದದ್ದು ಜಹೀರಾಬಾದಿನ ತರಗತಿಗೂ ನಾರಾಯಣಖೇಡದ ತರಗತಿಗೂ ಆಗುತ್ತದೆ; ಅಲ್ಲಿಯದು ಇಲ್ಲಿಗೂ ಬರುತ್ತದೆ. ಒಬ್ಬೊಬ್ಬ ಶಿಕ್ಷಕರು ವರ್ಷಕ್ಕೆ ನಾಲ್ಕು ಪಾಠಗಳಿಗೆ ದನಿ ನೀಡಿ ಹಂಚಿಕೊಂಡರೂ ಕೆಲವೇ ವರ್ಷಗಳಲ್ಲಿ ಗಡಿಭಾಗದ ಕನ್ನಡ ಮಕ್ಕಳಿಗೆ ತಮ್ಮದೇ ಪಠ್ಯಕ್ರಮದ, ತಮ್ಮದೇ ಭಾಷೆಯ ಪಾಠಗಳ ಒಂದು ಸಂಗ್ರಹ ಒದಗುತ್ತದೆ.