ಅಪ್ಪನ ಕಿವಿಯ ಕುಂಯ್

‘ಲೇ, ಬೆಂಗಳೂರಿಗೆ ಬಂದು ಎರಡು ವರ್ಷ ಆಯ್ತು. ಇನ್ನೂ ಒಂದು ಇಡಿಎಂ ಪಾರ್ಟಿ ನೋಡಿಲ್ಲ ಅಂದ್ರೆ ನೀನು ಎಂಥಾ ಬಿಇ ಸ್ಟೂಡೆಂಟೋ!’ ಅಂತ ರೂಮ್‌ಮೇಟ್ ರೇಗಿಸಿದಾಗ ನನಗೂ ರೋಷ ಬಂತು. ಇಂಟರ್ನಲ್ಸ್ ಮುಗಿದಿತ್ತು. ಮೆಸ್ ಬಿಲ್ಲಿಗೆಂದು ಇಟ್ಟಿದ್ದ ದುಡ್ಡಿನಲ್ಲಿ 999 ರೂಪಾಯಿ ಟಿಕೆಟ್‌ಗೆ ಹೋಯಿತು. ಊರಿಗೆ ಫೋನ್ ಮಾಡಿ, ‘ಶನಿವಾರ ಪ್ರಾಜೆಕ್ಟ್ ಕೆಲಸ ಐತಿ, ಫೋನ್ ಮಾಡಬ್ಯಾಡ್ರಿ’ ಅಂತ ಹೇಳಿದ್ದೂ ಆಯಿತು.

ದೇವನಹಳ್ಳಿ ಕಡೆಯ ಒಂದು ಬಯಲು. ಸಂಜೆ ಆರಕ್ಕೆ ಒಳಗೆ ಕಾಲಿಟ್ಟಾಗ ಸ್ಟೇಜಿನ ಎರಡೂ ಕಡೆ ಮನೆಯೆತ್ತರ ಸ್ಪೀಕರ್‌ಗಳು. ಡೀಜೆ ಮೊದಲ ಬೀಟ್ ಬಿಟ್ಟ ನೋಡಿ, ಕಿವಿಗಿಂತ ಮೊದಲು ಎದೆಗೆ ಕೇಳಿಸಿತು! 50 ಹರ್ಟ್ಸ್‌ನ ಅಲೆ ಸುಮಾರು ಏಳು ಮೀಟರ್ ಉದ್ದ ಇರುತ್ತದೆ ಅಂತ ಲೆಕ್ಕ ಮಾಡಿದ್ದೆ. ಅದು ಪಕ್ಕೆಲುಬಿಗೇ ಬಂದು ಗುದ್ದುತ್ತದೆ ಅಂತ ಅವತ್ತು ಗೊತ್ತಾಯಿತು.

ನಿಮಿಷಕ್ಕೆ 128 ಬೀಟ್. ಸದ್ದು ಮೆಲ್ಲಗೆ ಏರುತ್ತಾ ಏರುತ್ತಾ ಒಮ್ಮೆಲೇ ನಿಲ್ಲುತ್ತದೆ. ಎಲ್ಲರೂ ಉಸಿರು ಬಿಗಿಹಿಡಿದು ಕೈ ಎತ್ತಿ ನಿಂತಿರುತ್ತಾರೆ. ಆಮೇಲೆ ‘ಡ್ರಾಪ್’! ಸಾವಿರಾರು ಜನ ಒಟ್ಟಿಗೆ ಜಿಗಿದಾಗ ನೆಲವೇ ಅದುರಿದ ಹಾಗಾಗುತ್ತದೆ. ಆ ಸಂಗೀತದಲ್ಲಿ ಸಾಹಿತ್ಯವೇ ಇಲ್ಲ ಅನ್ನುವಷ್ಟು ಕಡಿಮೆ. ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡಲು ತಡವರಿಸುವ ಬನಹಟ್ಟಿಯ ನನಗೆ ಅದೇ ದೊಡ್ಡ ಸಮಾಧಾನ. ಪಕ್ಕದಲ್ಲಿ ಕುಣಿಯುತ್ತಿದ್ದವರು ಯಾವ ಊರಿನವರೋ, ಯಾವ ಭಾಷೆಯವರೋ? ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಿಜ ಹೇಳ್ತೀನಿ, ಬೆಂಗಳೂರಲ್ಲಿ ನಾನು ಹೊರಗಿನವನು ಅನ್ನೋದು ಮೊದಲ ಸಲ ಮರೆತುಹೋಗಿತ್ತು.

‘ನೈಟ್ ಔಟ್’ ಅಂತ ಹೆಸರಿದ್ದರೂ ಹತ್ತಕ್ಕೆ ಸರಿಯಾಗಿ ಎಲ್ಲಾ ಬಂದ್. ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಮೇನ್ ರೋಡಿಗೆ ನಡೆದು ಬಂದು ಏರ್‌ಪೋರ್ಟ್ ಬಸ್ ಹತ್ತಿದೆವು. ಕಂಡಕ್ಟರ್ ಏನೋ ಕೇಳಿದರು. ಬಾಯಿ ಆಡುತ್ತಿತ್ತು, ಮಾತು ಕೇಳಲಿಲ್ಲ. ಕಿವಿಗೆ ಹತ್ತಿ ತುರುಕಿದ ಹಾಗೆ. ರೂಮಿಗೆ ಬಂದು ಮಲಗಿದರೆ ಒಂದೇ ಸಮನೆ ಕುಂಯ್... ಅಂತ ಸದ್ದು. ಫ್ಯಾನ್ ಆಫ್ ಮಾಡಿದೆ. ಹೋಗಲಿಲ್ಲ. ಅದು ನನ್ನ ತಲೆಯೊಳಗೇ ಇತ್ತು.

ಬೆಳಿಗ್ಗೆ ಅಪ್ಪನ ಫೋನ್.

ಇಲ್ಲೊಂದು ವಿಷಯ ಹೇಳಬೇಕು. ನಮ್ಮಪ್ಪ ಪವರ್‌ಲೂಮ್ ಶೆಡ್ಡಿನಲ್ಲಿ 22 ವರ್ಷದಿಂದ ಸೀರೆ ನೇಯುತ್ತಾನೆ. ಫೋನಿನಲ್ಲಿ ಮಾತಾಡುವುದೆಂದರೆ ಕೂಗುವುದೇ. ರೂಮ್‌ಮೇಟ್‌ಗಳು ನಗುತ್ತಾರೆಂದು ನಾನು ಫೋನ್ ಹಿಡಿದು ಟೆರೇಸಿಗೆ ಓಡುತ್ತಿದ್ದೆ. ‘ಮೆತ್ತಗ ಮಾತಾಡಪ್ಪಾ, ಮಾನ ಹೋಗತೈತಿ’ ಅಂತ ಎಷ್ಟೋ ಸಲ ಬೈದಿದ್ದೇನೆ.

ಅವತ್ತು ನಾನೇ ಕೂಗುತ್ತಿದ್ದೆ. ‘ಏನಪ್ಪಾ? ಕೇಳವಲ್ದು, ಜೋರಾಗಿ ಹೇಳು!’

‘ಯಾಕಲೇ, ಏನಾತು ಕಿವಿಗಿ?’

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಪಾರ್ಟಿಗೆ ಹೋಗಿದ್ದು, ಟಿಕೆಟ್ಟು, ಕುಂಯ್ ಅನ್ನುವ ಸದ್ದು, ಎಲ್ಲಾ ಹೇಳಿಬಿಟ್ಟೆ. ಬೈಗುಳಕ್ಕೆ ಕಾದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: ‘ಕುಂಯ್ ಅನ್ನೂದು ನನಗ ಹದಿನೈದು ವರ್ಸದಿಂದ ಐತಿ. ಮಲಗಿದಾಗ ಭಾಳ ಕೇಳತೈತಿ. ಎಲ್ಲಾರಿಗೂ ಹಂಗ ಇರತೈತಿ ಅಂತ ತಿಳ್ಕೊಂಡಿದ್ದೆ.’

ಆ ಮಾತಿಗೆ ಏನು ಹೇಳಬೇಕೋ ತೋಚಲಿಲ್ಲ.

ಎರಡು ದಿನದಲ್ಲಿ ನನ್ನ ಕಿವಿ ಸರಿಹೋಯಿತು. ದೀಪಾವಳಿಗೆ ಊರಿಗೆ ಹೋದಾಗ ಶೆಡ್ಡಿನಲ್ಲಿ ನಿಂತು ಫೋನಿನ ಆ್ಯಪ್‌ನಲ್ಲಿ ಸದ್ದು ಅಳೆದೆ. ಪಾರ್ಟಿಯಲ್ಲಿ 100 ತೋರಿಸಿತ್ತು, ಇಲ್ಲಿ 97. ಫೋನಿನ ಲೆಕ್ಕ ಪಕ್ಕಾ ಅಲ್ಲ, ಆದರೂ ಅಂದಾಜು ಸಿಗುತ್ತದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದು, ಅದರ ಮೇಲೆ ಪ್ರತಿ ಮೂರು ಡೆಸಿಬಲ್‌ಗೆ ಸಮಯ ಅರ್ಧಕ್ಕಿಳಿಯುತ್ತದೆ ಅನ್ನುತ್ತಾರೆ ತಜ್ಞರು. ಅಂದರೆ 97ಕ್ಕೆ ಅರ್ಧ ಗಂಟೆ. ಅಪ್ಪ ನಿಲ್ಲುವುದು ಹತ್ತು ಗಂಟೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಲಾಳಿಯ ಹೊಡೆತ ಎಣಿಸಿದೆ: ನಿಮಿಷಕ್ಕೆ 120ರ ಆಸುಪಾಸು. ಹೆಚ್ಚುಕಡಿಮೆ ನಾನು ಕುಣಿದ ಬೀಟೇ! ಒಂದಕ್ಕೆ ನಾನು ದುಡ್ಡು ಕೊಟ್ಟಿದ್ದೆ, ಇನ್ನೊಂದರ ಮಜೂರಿಯಲ್ಲಿ ಆ ದುಡ್ಡು ಬಂದಿತ್ತು. ಅಲ್ಲಿ ಹತ್ತಕ್ಕೆ ಸ್ವಿಚ್ ಆಫ್ ಮಾಡುವವರಿದ್ದರು. ಇಲ್ಲಿ ರಾತ್ರಿ ಪಾಳಿಯೂ ಇದೆ.

ಮೆಡಿಕಲ್ ಶಾಪಿನಿಂದ ಎರಡು ಜೊತೆ ಇಯರ್‌ಪ್ಲಗ್ ತಂದಿದ್ದೆ. ಅಪ್ಪ ಹಾಕಿ ನೋಡಿ ತಕ್ಷಣ ತೆಗೆದ. ‘ಮಗ್ಗದ ಸಪ್ಪಳ ಕೇಳದಿದ್ರ ಎಳಿ ಹರದದ್ದು ಹೆಂಗ ಗೊತ್ತಾಗೂದು?’ ಕಿವಿಯೇ ಅವನ ಅರ್ಧ ಕಸುಬು! ನಾನು ಬಿಡಲಿಲ್ಲ. ಕಾಡಿ ಬೇಡಿದ ಮೇಲೆ ಒಂದು ಕಿವಿಗೆ ಹಾಕಿಕೊಂಡ. ‘ಈ ಕಿವಿ ನಿನಗ, ಇನ್ನೊಂದು ಮಗ್ಗಕ್ಕ’ ಅಂದ.

ಮುಂದಿನ ತಿಂಗಳು ಮತ್ತೊಂದು ಪಾರ್ಟಿ ಇದೆಯಂತೆ. ಖಂಡಿತ ಹೋಗ್ತೀನಿ, ಈ ಸಲ ಮನೆಗೆ ಹೇಳಿಯೇ. ಇನ್ನೊಂದು ಜೊತೆ ಇಯರ್‌ಪ್ಲಗ್ ನನ್ನ ಬ್ಯಾಗಿನಲ್ಲಿದೆ. ಅಪ್ಪ ಫೋನಿನಲ್ಲಿ ಈಗಲೂ ಕೂಗುತ್ತಾನೆ. ನಾನು ಟೆರೇಸಿಗೆ ಓಡುವುದಿಲ್ಲ. ರೂಮಿನಲ್ಲೇ ಕೂತು ನಾನೂ ಅಷ್ಟೇ ಜೋರಾಗಿ ಕೂಗುತ್ತೇನೆ: ‘ಹೇಳಪ್ಪಾ!’