ಶುಗರಿಗೆ ಹಸಿರು ಮದ್ದು: ತಪ್ಪು ಕಲ್ಪನೆ ಮತ್ತು ವಾಸ್ತವ

ಐಸಿಎಂಆರ್ ಬೆಂಬಲದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಮಧುಮೇಹಿಗಳು ಶೇ. 11.4, ಕೇರಳದಲ್ಲಿ ಶೇ. 25.5. ನಾಲ್ವರಲ್ಲಿ ಒಬ್ಬರು ಎಂದಾಯಿತು. ಹಾಗಾಗಿ ನಮ್ಮ ಸೀತಾಂಗೋಳಿ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗಲೂ ಮದುವೆ ಊಟದ ಪಂಕ್ತಿಯಲ್ಲೂ ಶುಗರಿನದೇ ಮಾತು, ಅದರ ಬೆನ್ನಿಗೇ ಯಾವುದೋ ಸೊಪ್ಪಿನ ಮಾತು. ಕನ್ನಡ, ತುಳು, ಮಲಯಾಳ, ಭಾಷೆ ಯಾವುದಾದರೂ ಸಲಹೆ ಒಂದೇ. ಇಂಥ ಸಲಹೆಗಳಲ್ಲಿ ಕೆಲವನ್ನು ನಾವೂ ನಂಬಿದವರೇ. ಗಿಡಮದ್ದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ಶುಗರ್ ಇಳಿಸುವುದು ನಿಜವಾದರೆ ಅದೂ ಮದ್ದೇ. ಮದ್ದಿಗೆ ಬೇಕಾದ ಅಳತೆ, ಎಚ್ಚರ ಅದಕ್ಕೂ ಬೇಕು.

ತಪ್ಪು ಕಲ್ಪನೆ: ಗಿಡಮೂಲಿಕೆಗೆ ಅಡ್ಡಪರಿಣಾಮ ಇಲ್ಲ, ಗುಣವಾಗದಿದ್ದರೂ ಕೆಡುಕಂತೂ ಆಗದು.

ವಾಸ್ತವ: ಕಾಸರಕನ ಕಾಯಿಯೂ ನಮ್ಮ ಗುಡ್ಡದ್ದೇ. ಅದನ್ನು ಬಾಯಿಗಿಡಬಾರದೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ಮನೆಮನೆಯ ಅಮೃತಬಳ್ಳಿಯನ್ನೇ ನೋಡಿ. ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಅಂಥ 43 ಮಂದಿಯ ವಿವರ ಬಂತು. ಆಯುಷ್ ಸಚಿವಾಲಯ ಮೊದಲ ವರದಿಯನ್ನು ಒಪ್ಪಲಿಲ್ಲ. ಅವರು ತಿಂದದ್ದು ಅದೇ ಕುಲದ ಬೇರೆ ಬಳ್ಳಿ ಇರಬಹುದೆಂದಿತು. ಈ ಆಕ್ಷೇಪವನ್ನು ಹಾಗೆಯೇ ಒಪ್ಪಿಕೊಳ್ಳೋಣ. ಆಗಲೂ ತೋಟದ ಬೇಲಿಯಿಂದ ಕಿತ್ತು ತಂದ ಬಳ್ಳಿ ಯಾವ ಜಾತಿಯದೆಂದು ನಮ್ಮಲ್ಲಿ ಎಷ್ಟು ಮಂದಿ ಖಚಿತವಾಗಿ ಹೇಳಬಲ್ಲೆವು?

ತಪ್ಪು ಕಲ್ಪನೆ: ಮಧುನಾಶಿನಿ ಎಲೆ ಜಗಿದರೆ ಸಕ್ಕರೆ ಸಿಹಿಯೇ ಅನ್ನಿಸುವುದಿಲ್ಲ, ಅಂದಮೇಲೆ ರಕ್ತದ ಸಕ್ಕರೆಯೂ ಹಾಗೆಯೇ ನಾಶವಾಗುತ್ತದೆ.

ವಾಸ್ತವ: ಮೊದಲ ಅರ್ಧ ಸತ್ಯ. ಎಲೆಯ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯಲ್ಲಿ ಸಿಹಿ ಗುರುತಿಸುವ ತಾಣಗಳನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ; ಬಾಯಿಗೆ ಹಾಕಿದ ಸಕ್ಕರೆ ಮರಳಿನಂತಾಗುತ್ತದೆ. ಆದರೆ ನುಂಗಿದ ಸಕ್ಕರೆ ಹೊಟ್ಟೆ ಸೇರಿಯೇ ಸೇರುತ್ತದೆ. ರುಚಿ ಹೋದದ್ದು ನಾಲಿಗೆಯಲ್ಲಿ, ರಕ್ತದಲ್ಲಲ್ಲ.

ಹಾಗೆಂದು ಮಧುನಾಶಿನಿ ಬರೀ ಸುಳ್ಳೂ ಅಲ್ಲ. 1990ರಲ್ಲಿ ಮದ್ರಾಸಿನ ಸಂಶೋಧಕರು 22 ಮಧುಮೇಹಿಗಳಿಗೆ ಮಾತ್ರೆಯ ಜೊತೆಗೆ ಇದರ ಸಾರವನ್ನು ದಿನಕ್ಕೆ 400 ಮಿಲಿಗ್ರಾಂನಂತೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕೊಟ್ಟರು. ಶುಗರ್ ಇಳಿಯಿತು, ಐವರಿಗೆ ಮಾತ್ರೆ ಬಿಡಲೂ ಸಾಧ್ಯವಾಯಿತು. ಇದು ಸಣ್ಣ ಅಧ್ಯಯನ. ಅಲ್ಲಿ ಸಾರದ ಪ್ರಮಾಣ ನಿಗದಿಯಾಗಿತ್ತು, ರಕ್ತಪರೀಕ್ಷೆ ನಡೆಯುತ್ತಿತ್ತು, ಮಾತ್ರೆ ಇಳಿಸುವಾಗ ವೈದ್ಯರ ಕಣ್ಣಿತ್ತು. ಹಿತ್ತಿಲಿನ ಎಲೆಯನ್ನು ಕೈಗೆ ಬಂದಷ್ಟು ಜಗಿಯುವುದಕ್ಕೆ ಆ ಫಲಿತಾಂಶ ಸಾಕ್ಷಿಯಾಗುವುದಿಲ್ಲ.

ತಪ್ಪು ಕಲ್ಪನೆ: ಇನ್ಸುಲಿನ್ ಗಿಡದ ಎಲೆಯಲ್ಲಿ ಇನ್ಸುಲಿನ್ ಇದೆ; ದಿನಕ್ಕೊಂದು ಎಲೆ ತಿಂದರೆ ಚುಚ್ಚುಮದ್ದು ಬೇಡ.

ವಾಸ್ತವ: ಅದರಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ. ಇನ್ಸುಲಿನ್ ಒಂದು ಪ್ರೋಟೀನ್, ಹೊಟ್ಟೆಗೆ ಹೋದರೆ ಬೇಳೆಯ ಪ್ರೋಟೀನಿನಂತೆ ಜೀರ್ಣವಾಗಿಬಿಡುತ್ತದೆ. ಚುಚ್ಚುವುದು ಅದಕ್ಕಾಗಿಯೇ. ಚಿಕ್ಕಂದಿನಲ್ಲೇ ಬರುವ ಟೈಪ್ 1 ಮಧುಮೇಹದ ಮಕ್ಕಳಿಗೆ ಈ ನಂಬಿಕೆಯಿಂದ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ.

ತಪ್ಪು ಕಲ್ಪನೆ: ಕಹಿ, ಹುಳಿ ಹೆಚ್ಚಿದಷ್ಟೂ ಸಿಹಿ ಇಳಿಯುತ್ತದೆ.

ವಾಸ್ತವ: ರಕ್ತದಲ್ಲಿ ರುಚಿಗಳ ಕೂಡು-ಕಳೆ ಲೆಕ್ಕ ನಡೆಯುವುದಿಲ್ಲ. ಹಾಗಲಕಾಯಿ ಪಲ್ಯ ಒಳ್ಳೆಯ ತರಕಾರಿ. ಆದರೆ ಅದು ಮಧುಮೇಹದ ಮದ್ದೇ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು 479 ಮಂದಿಯ ನಾಲ್ಕು ಪ್ರಯೋಗಗಳನ್ನು ಪರಿಶೀಲಿಸಿದ 2012ರ ಕಾಕ್ರೇನ್ ವಿಮರ್ಶೆ ಹೇಳಿತು. ಸೋರೆಕಾಯಿ ರಸ ಕಹಿಯಾಗಿದ್ದರೆ ಅದು ವಿಷದ ಗುರುತು. ಅದರಲ್ಲಿ ಕುಕುರ್ಬಿಟಾಸಿನ್ ಹೆಚ್ಚಿರುತ್ತದೆ. ವಾಂತಿ, ರಕ್ತಸ್ರಾವವಾಗಿ ಸತ್ತವರಿದ್ದಾರೆ. ಕಹಿ ಸೋರೆಯ ರಸ ಕುಡಿಯಲೇಬಾರದೆಂದು ಐಸಿಎಂಆರ್ ತಜ್ಞರ ಸಮಿತಿಯೇ ಹೇಳಿದೆ.

ಹುಳಿಯ ಉದಾಹರಣೆ ನಮ್ಮ ಕೇರಳದ್ದೇ. ಹೆಚ್ಚಾಗಿ ಕೊಲೆಸ್ಟರಾಲ್ ಇಳಿಸಲೆಂದು ಬಿಂಬುಳಿಯ, ಮಲಯಾಳದವರ ಇರುಂಬನ್‌ಪುಳಿಯ, ರಸ ಕುಡಿದು ಕಿಡ್ನಿ ಕೆಟ್ಟ ಹತ್ತು ಮಂದಿಯ ವಿವರ 2013ರಲ್ಲಿ ರಾಜ್ಯದ ಐದು ಆಸ್ಪತ್ರೆಗಳಿಂದ ಪ್ರಕಟವಾಯಿತು. ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಹಣ್ಣಿನ ಆಕ್ಸಾಲೇಟ್ ಕಿಡ್ನಿಯ ನಾಳಗಳಲ್ಲಿ ಹರಳುಗಟ್ಟಿತ್ತು. ಮೀನು ಸಾರಿಗೆ ಎರಡು ಬಿಂಬುಳಿ ಹಾಕುವುದು ಬೇರೆ, ಹಿಂಡಿದ ರಸವನ್ನು ಲೋಟದಲ್ಲಿ ಕುಡಿಯುವುದು ಬೇರೆ. ಮೊದಲೇ ಕಿಡ್ನಿ ಸೋತ ಶುಗರ್ ರೋಗಿಗೆ ಇದರಿಂದ ಇನ್ನೂ ಹೆಚ್ಚಿನ ಅಪಾಯ.

ತಪ್ಪು ಕಲ್ಪನೆ: ಮಾತ್ರೆಯ ಜೊತೆ ಕಷಾಯವನ್ನೂ ಕುಡಿದರೆ ಗುಣ ಇಮ್ಮಡಿ.

ವಾಸ್ತವ: ಶುಗರ್ ತೀರಾ ಇಳಿಯುವ ಅಪಾಯವೂ ಹೆಚ್ಚುತ್ತದೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಗೆ ಇನ್ನೊಂದು ಮದ್ದು ಸೇರಿಸಿದರೆ, ಅದರಲ್ಲೂ ಏಕಾದಶಿ ಅಥವಾ ರಂಜಾನ್ ಉಪವಾಸದ ದಿನ, ಶುಗರ್ 70ಕ್ಕಿಂತ ಕೆಳಗೆ ಜಾರಬಹುದು. ಬೆವರು, ಕೈನಡುಕ, ತೊದಲು, ಗಲಿಬಿಲಿ ಇದರ ಲಕ್ಷಣಗಳು. ಎಚ್ಚರ ಇದ್ದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ತಪ್ಪು ಕಲ್ಪನೆ: ಇಂಗ್ಲಿಷ್ ಮಾತ್ರೆ ಕಿಡ್ನಿ ಕೆಡಿಸುತ್ತದೆ.

ವಾಸ್ತವ: ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಹತೋಟಿಗೆ ಬಾರದ ಶುಗರ್ ಮತ್ತು ಬಿಪಿ. ಮೆಟ್ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕೆಟ್ಟ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕದ ಕಾರಣ ವೈದ್ಯರು ಆಗ ಪ್ರಮಾಣ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಈ ಮಾತ್ರೆಯ ಮೂಲವೂ ಗಿಡವೇ. ಯುರೋಪಿನ ಗಲೇಗಾ ಎಂಬ ಸಸ್ಯದ ಸತ್ವದ ಜಾಡು ಹಿಡಿದು ತಯಾರಾದ ಮೆಟ್ಫಾರ್ಮಿನ್ ಅನ್ನು 1957ರಲ್ಲಿ ಪ್ಯಾರಿಸಿನ ವೈದ್ಯ ಜ್ಯಾಂ ಸ್ಟೆರ್ನ್ ಮಧುಮೇಹಕ್ಕೆ ಬಳಸಿ ವರದಿ ಮಾಡಿದರು.

ತಪ್ಪು ಕಲ್ಪನೆ: ವಾರದಲ್ಲೇ ಶುಗರ್ ಇಳಿಸಿದ ಪುಡಿ ಅಸಲಿಯೇ ಇರಬೇಕು.

ವಾಸ್ತವ: ಅಷ್ಟು ಬೇಗ ಇಳಿದರೆ ಅನುಮಾನ ಪಡಬೇಕು. 2008ರಲ್ಲಿ ಸಿಂಗಾಪುರದಲ್ಲಿ ಮಧುಮೇಹವೇ ಇಲ್ಲದ 150 ಮಂದಿ ಶುಗರ್ ಕುಸಿದು ಆಸ್ಪತ್ರೆ ಸೇರಿದರು, ನಾಲ್ವರು ಸತ್ತರು. ಮೂಲ ಹುಡುಕಿದಾಗ ಸಿಕ್ಕಿದ್ದು ಪುರುಷಶಕ್ತಿಯ ಹೆಸರಲ್ಲಿ ಮಾರಿದ ಮೂಲಿಕೆ ಗುಳಿಗೆಗಳಲ್ಲಿ ಬೆರೆತಿದ್ದ ಗ್ಲಿಬೆನ್‌ಕ್ಲಮೈಡ್, ಅಂದರೆ ಶುಗರಿನ ಇಂಗ್ಲಿಷ್ ಮಾತ್ರೆ. ಮಧುಮೇಹ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾಯ್ದೆ ನಿಷೇಧಿಸಿದೆ. ತಯಾರಕರ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಪೊಟ್ಟಣವನ್ನು ಕೊಳ್ಳಬೇಡಿ.

ಗರ್ಭಿಣಿಯರು, ಕಿಡ್ನಿ ಅಥವಾ ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಂಥ ಮದ್ದು ಶುರುಮಾಡಬಾರದು. ಆಪರೇಷನ್ ಇದ್ದರೆ ಎಷ್ಟು ದಿನ ಮೊದಲೇ ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಗುಣ ಕಂಡಿದೆಯೋ ಎಂದು ತಿಳಿಯಲು ಒಂದು ದಿನದ ಶುಗರ್ ಸಾಲದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಮುಂದಿನ ಸಲ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಮಾತ್ರೆಯ ಚೀಟಿಯ ಜೊತೆ ನೀವು ತಿನ್ನುವ ಪುಡಿಯ ಡಬ್ಬಿಯನ್ನೂ ಒಯ್ದು ಡಾಕ್ಟರ ಮೇಜಿನ ಮೇಲಿಡಿ.